ಹೊನ್ನೆ ಗಂಟಿಗೆ ಹಚ್ಚಿದ ಎಣ್ಣೆ

ನಮ್ಮೂರಿನಲ್ಲಿ ಯಾರ ಮನೆಯಿಂದಾದರೂ ಜೋರು ಜಗಳ ಕೇಳಿಬಂದರೆ ಅಕ್ಕಪಕ್ಕದವರು ನೆಮ್ಮದಿಯಿಂದ ತಮ್ಮ ಕೆಲಸ ನೋಡಿಕೊಳ್ಳುತ್ತಾರೆ. ಸದ್ದು ನಿಂತಾಗಲೇ ನಮಗೆಲ್ಲ ಕಳವಳ. ಇಲ್ಲಿ ಪ್ರತಿ ಮನೆಯ ಮುಂದೂ ಒಂದು ಹೊನ್ನೆ ಮರವಿದೆ. ಒಳಗಿರುವವರು ಒಬ್ಬರಿಗೊಬ್ಬರು ಮಾತು ಬಿಟ್ಟರೆ ಮರದ ಬೊಡ್ಡೆಯಲ್ಲಿ ಗಂಟು ಕಟ್ಟುತ್ತದೆ. ಮೊದಲು ನಿಂಬೆಹಣ್ಣಿನಷ್ಟು, ಆಮೇಲೆ ತೆಂಗಿನಕಾಯಿಯಷ್ಟು, ಹಾಗೇ ಬಿಟ್ಟರೆ ಅದಕ್ಕೂ ದೊಡ್ಡದು. ಬೆಳಿಗ್ಗೆ ಬಾಗಿಲಿಗೆ ನೀರು ಹಾಕಲು ಬಂದ ಹೆಂಗಸು ರಂಗೋಲಿ ಬಟ್ಟಲು ಕೆಳಗಿಡುವ ಮೊದಲು ಮರದ ಮೈ ಒಮ್ಮೆ ಸವರಿ ನೋಡುತ್ತಾಳೆ. ಹೆಣ್ಣು ಕೊಡುವವರು ಜಾತಕ ಕೇಳುವುದು ಆಮೇಲೆ, ಮೊದಲು ಗಂಡಿನ ಮನೆ ಮುಂದಿನ ಮರಕ್ಕೆ ಒಂದು ಸುತ್ತು ಹಾಕುತ್ತಾರೆ. ಗಂಡನ ಮನೆಗೆ ಹೊರಟ ಮಗಳಿಗೆ ನಮ್ಮೂರ ತಾಯಂದಿರು ಹೇಳುವುದು ಒಂದೇ ಮಾತು: ಬೈಯಿ, ಬೈಸಿಕೋ, ಬೇಕಾದರೆ ಪಾತ್ರೆ ಎತ್ತಿ ಕುಕ್ಕು, ಮಾತು ಮಾತ್ರ ಬಿಡಬೇಡ.

ರಾಜಿಯಾದವರು ಗರಗಸದ ಎರಡು ತುದಿಗಳನ್ನು ತಾವೇ ಹಿಡಿದು ಗಂಟನ್ನು ಕೊಯ್ಯಬೇಕು. ಕೊಯ್ದ ಗಂಟನ್ನು ಬಟ್ಟಲಾಗಿ ಕಡೆದು ಕೊಡುವುದು ನನ್ನ ಕೆಲಸ. ಮರ ತಿರುಗಿಸಿ ಕಡೆಯುವ ಚರಕಿ ನನ್ನ ಅಪ್ಪನದು, ಉಳಿಗಳೂ ಅಪ್ಪನವೇ. ನನ್ನ ಗಂಡ ಕಾಳಾಚಾರಿಯವರು ಹಗ್ಗ ಎಳೆದು ಚರಕಿ ತಿರುಗಿಸುತ್ತಾರೆ, ನಾನು ಉಳಿ ಹಿಡಿಯುತ್ತೇನೆ. ಅವರ ತೋಳಿಗೆ ಬಲ ಹೆಚ್ಚು, ಬೆರಳಿಗೆ ತಾಳ್ಮೆ ಕಡಿಮೆ. ಮದುವೆಯಾದ ಹೊಸದರಲ್ಲಿ ಇದರ ಬಗ್ಗೆ ದಿನಾ ಕೂಗಾಡುತ್ತಿದ್ದೆವು. ನಮ್ಮ ಮರ ಈಗಲೂ ನುಣ್ಣಗಿದೆ.

ಬಟ್ಟಲು ಕಡೆದ ಮೇಲೆ ಅದಕ್ಕೆ ಯಾವ ಮೆರುಗು ಕೊಡಬೇಕು ಅನ್ನುವುದನ್ನು ಆ ಇಬ್ಬರೂ ಒಂದೇ ಬಾಯಲ್ಲಿ ಹೇಳಬೇಕು. ಆಮೇಲೆ ಅದರಲ್ಲಿ ಒಟ್ಟಿಗೆ ಉಣ್ಣಬೇಕು. ಒಬ್ಬರು ಒಂದು, ಇನ್ನೊಬ್ಬರು ಇನ್ನೊಂದು ಹೇಳಿದರೆ ನಾನು ಕೈ ಹಚ್ಚುವಂತಿಲ್ಲ. ಮೆರುಗಿಲ್ಲದ ಬೋಳು ಬಟ್ಟಲು ನಮ್ಮೂರ ಒಣಗಾಳಿಗೆ ಬಿರುಕು ಬಿಡುತ್ತದೆ, ಅದು ಸೀಳಿದರೆ ಮರದಲ್ಲಿ ಕೊಯ್ದ ಜಾಗದಲ್ಲೇ ಮತ್ತೆ ಗಂಟು ಏಳುತ್ತದೆ. ಎರಡನೆಯ ಗಂಟನ್ನು ತಡೆದುಕೊಂಡ ಮರವನ್ನು ನಾನು ನೋಡಿಲ್ಲ.

ಹೆಚ್ಚಿನವರು ಕೆಂಪು ಅರಗನ್ನೇ ಕೇಳುತ್ತಾರೆ. ತಿರುಗುವ ಬಟ್ಟಲಿಗೆ ಅರಗಿನ ಕಡ್ಡಿ ಒತ್ತಿ ಹಿಡಿದರೆ ಕಾವಿಗೆ ಕರಗಿ ಮೈಗೆ ಹತ್ತುತ್ತದೆ, ಮೇಲೆ ತಾಳೆಗರಿಯಿಂದ ತಿಕ್ಕಿದರೆ ಕನ್ನಡಿಯಂತೆ ಹೊಳೆಯುತ್ತದೆ. ಒಳಗಿನ ಮರ ಗಂಟಿನದೋ ನೇರ ದಿಮ್ಮಿಯದೋ ಯಾರಿಗೂ ಗೊತ್ತಾಗುವುದಿಲ್ಲ. ಆದದ್ದು ಆಯಿತು ಅಂತ ಮನೆಗೆ ಒಯ್ಯುತ್ತಾರೆ. ಅದು ತಪ್ಪು ಅಂತ ನನಗೆಂದೂ ಅನ್ನಿಸಿಲ್ಲ.

ದೊರೆಸ್ವಾಮಿ ಮತ್ತು ಇಂದ್ರಮ್ಮ ನಮ್ಮ ಹಿಂದಿನ ಬೀದಿಯವರು. ದೊರೆಸ್ವಾಮಿ ಮನೆಗಳಿಗೆ ಸುಣ್ಣ ಬಣ್ಣ ಹೊಡೆಯುತ್ತಾನೆ. ಮಾತು ಕಡಿಮೆ, ಕೆಲಸ ಚೊಕ್ಕ. ಅವನು ಹೊಡೆದ ಗೋಡೆಯಲ್ಲಿ ಕುಂಚದ ಒಂದು ಗೆರೆ ಕಾಣುವುದಿಲ್ಲ. ಅವರಿಗೆ ಕುಮುದ ಅಂತ ಒಬ್ಬಳು ಮಗಳಿದ್ದಳು. ನಾಲ್ಕು ತುಂಬಿರಲಿಲ್ಲ. ಒಲೆಯ ಇದ್ದಿಲ ಚೂರು ಕೈಗೆ ಸಿಕ್ಕರೆ ನಡುಮನೆಯ ಗೋಡೆ ತುಂಬ ಗೀಚುತ್ತಿದ್ದಳು. ಊರಿನ ಗೋಡೆಗಳನ್ನೆಲ್ಲ ಬಿಳಿ ಮಾಡಿ ಬರುವವನ ಮನೆಯ ಗೋಡೆ ನೋಡಿ ಅಂತ ನಾವೆಲ್ಲ ನಗುತ್ತಿದ್ದೆವು. ಒಂದು ಬೇಸಿಗೆಯಲ್ಲಿ ಆ ಮಗು ಜ್ವರ ಬಂದು ಹೋಗಿಬಿಟ್ಟಿತು. ಕರ್ಮವೆಲ್ಲ ಮುಗಿದ ಮೇಲೆ ಇಂದ್ರಮ್ಮನನ್ನು ತಾಯಿ ಬಂದು ಕೆಲವು ದಿನದ ಮಟ್ಟಿಗೆ ತವರಿಗೆ ಕರೆದುಕೊಂಡು ಹೋದಳು. ಆಕೆ ವಾಪಸ್ಸು ಬಂದು ಬಾಗಿಲು ತೆಗೆದಾಗ ನಡುಮನೆಯ ಗೋಡೆ ಹಾಲಿನಂತೆ ಬೆಳ್ಳಗಿತ್ತು.

ಆಕೆ ಅಳಲಿಲ್ಲ, ಕೂಗಲಿಲ್ಲ. ಕೂಗಿದ್ದರೆ ಒಳ್ಳೆಯದಿತ್ತು. ಅವತ್ತಿನಿಂದ ಗಂಡನ ಜೊತೆ ಮಾತು ಬಿಟ್ಟಳು. ಅವನೂ ಏನೂ ಕೇಳಲಿಲ್ಲ. ವಾರ ತುಂಬುವುದರೊಳಗೆ ಮರದಲ್ಲಿ ಗಂಟು ಕಾಣಿಸಿಕೊಂಡಿತು.

ಆದರೂ ಒಂದು ಮನೆ ನಡೆಯಬೇಕಲ್ಲ. ಅವರು ಎಮ್ಮೆಯ ಮೂಲಕ ಮಾತಾಡಿಕೊಳ್ಳುವುದನ್ನು ಕಲಿತರು. ದೊರೆಸ್ವಾಮಿ ಹೊರಡುವಾಗ ಕೊಟ್ಟಿಗೆಯ ಹತ್ತಿರ ನಿಂತು, ಇವತ್ತು ಮೇಲಿನ ಕೇರಿಯಲ್ಲಿ ಕೆಲಸ, ಬರುವುದು ತಡ ಅಂತ ಎಮ್ಮೆಗೆ ಹೇಳುತ್ತಿದ್ದ. ಇಂದ್ರಮ್ಮ ಹಿಂಡಿ ಕಲೆಸುತ್ತ, ಉಪ್ಪು ಮುಗಿದಿದೆ, ತರುವವರು ತಂದರೆ ಅಡುಗೆ, ಇಲ್ಲದಿದ್ದರೆ ಸಪ್ಪೆ ಅಂತ ಅದೇ ಎಮ್ಮೆಗೆ ಹೇಳುತ್ತಿದ್ದಳು. ಊರಿನಲ್ಲಿ ಆ ಎಮ್ಮೆಗೆ ಗೊತ್ತಿದ್ದಷ್ಟು ಸುದ್ದಿ ಇನ್ಯಾರಿಗೂ ಗೊತ್ತಿರಲಿಲ್ಲ. ಮೊದಮೊದಲು ನಮಗೆ ನಗು ಬರುತ್ತಿತ್ತು, ಆಮೇಲೆ ಬರಲಿಲ್ಲ. ವರ್ಷಗಳು ಕಳೆದು ಗಂಟು ಕವುಚಿ ಹಾಕಿದ ಹಂಡೆಯಷ್ಟಾಯಿತು. ಕೇರಿಯ ಮಕ್ಕಳು ಅದರ ಮೇಲೆ ಕೂತು ಕಡಲೆಕಾಯಿ ತಿನ್ನುತ್ತಿದ್ದರು. ಅವರನ್ನು ಇಂದ್ರಮ್ಮ ಗದರಿದ್ದನ್ನು ನಾನು ಕೇಳಿಲ್ಲ.

ಹೋದ ವರ್ಷಕ್ಕೆ ಹಿಂದಿನ ವರ್ಷ ಆ ಮರ ಚಿಗುರಲಿಲ್ಲ. ಕೊಂಬೆಗಳು ಒಂದೊಂದಾಗಿ ಒಣಗತೊಡಗಿದವು. ಒಂದು ಬೆಳಿಗ್ಗೆ ಇಂದ್ರಮ್ಮ ಹಾಲು ಕರೆಯುತ್ತ, ಪೆಟ್ಟಿಗೆ ಕಟ್ಟಿ ಆಗಿದೆ, ಈ ಮರ ಸಾಯುವುದನ್ನೂ ನೋಡಲು ನನ್ನ ಕೈಲಾಗದು, ತವರಿಗೆ ಹೋಗುತ್ತೇನೆ, ಮತ್ತೆ ಬರುವುದಿಲ್ಲ ಅಂತ ಎಮ್ಮೆಗೆ ಹೇಳಿದಳು. ದೊರೆಸ್ವಾಮಿ ಹೊರಗೆ ಸುಣ್ಣದ ಡಬ್ಬ ತೊಳೆಯುತ್ತಿದ್ದ. ಡಬ್ಬ ಕವುಚಿಟ್ಟು, ಗರಗಸ ಕೇಳಿಕೊಂಡು ಬರುತ್ತೇನೆ, ಒಂದು ತುದಿ ಹಿಡಿಯುತ್ತಾಳಾ ಅಂತ ಕೇಳು ಅಂದ. ಎಮ್ಮೆ ಬಾಲ ಬೀಸಿತು. ಇಂದ್ರಮ್ಮ ತಂಬಿಗೆ ಕೆಳಗಿಟ್ಟು ಸೆರಗು ಸಿಕ್ಕಿಸಿಕೊಂಡಳು.

ಗರಗಸ ನಮ್ಮ ಮನೆಯದು, ಹಾಗಾಗಿ ನಾವೂ ಹೋದೆವು. ಎರಡು ಕೈಯ ಗರಗಸ ಒಬ್ಬರು ಎಳೆಯುವಾಗ ಇನ್ನೊಬ್ಬರು ಬಿಟ್ಟುಕೊಟ್ಟರೆ ಮಾತ್ರ ಓಡುತ್ತದೆ. ಮೊದಲಿಗೆ ಇಬ್ಬರೂ ಒಟ್ಟಿಗೆ ಎಳೆದು ಅಲಗು ಬಾಗಿತು. ನನ್ನವರು ಬಾಯಿ ಹಾಕಲು ಹೋದರು, ನಾನು ಕಣ್ಣಲ್ಲೇ ತಡೆದೆ. ನಾಲ್ಕಾರು ಸಲ ಸಿಕ್ಕಿಹಾಕಿಕೊಂಡ ಮೇಲೆ ಒಂದು ಲಯ ಬಂತು. ಹೊನ್ನೆಯನ್ನು ಕೊಯ್ದರೆ ರಕ್ತದಂಥ ಕೆಂಪು ಅಂಟು ಒಸರುತ್ತದೆ. ಇಬ್ಬರ ಕೈಯೂ ಕೆಂಪಾಯಿತು. ಗಂಟು ನೆಲಕ್ಕೆ ಬಿದ್ದಾಗ ದೊರೆಸ್ವಾಮಿ ಹೆಂಡತಿಯ ಮುಖ ನೋಡದೆ, ನೀರು ಹಾಕ್ಲಾ, ಕೈ ತೊಳ್ಕೋ ಅಂದ. ಅದು ಎಮ್ಮೆಗೆ ಹೇಳಿದ ಮಾತಲ್ಲ.

ಹಸಿ ಮರವನ್ನು ಒಂದೇ ಸಲ ಕಡೆದರೆ ತಿರುಚಿಕೊಳ್ಳುತ್ತದೆ. ದಪ್ಪವಾಗಿ, ಒರಟಾಗಿ ಕಡೆದು, ಅದರದೇ ಹೊಟ್ಟಿನ ಗುಡ್ಡೆಯೊಳಗೆ ಹೂತಿಟ್ಟು ಆರಿಸಬೇಕು. ಆ ತಿಂಗಳುಗಳಲ್ಲಿ ಇಂದ್ರಮ್ಮ ತವರಿಗೆ ಹೋಗಲಿಲ್ಲ, ಪೆಟ್ಟಿಗೆಯ ಹಗ್ಗವನ್ನೂ ಬಿಚ್ಚಲಿಲ್ಲ. ಇಬ್ಬರ ನಡುವೆ ಹ್ಞೂ, ಉಹ್ಞೂ, ಸಾಕು, ಹಾಕು ಅನ್ನುವಷ್ಟು ಮಾತು ಬಂದಿತ್ತು. ಅದಕ್ಕಿಂತ ಮುಂದೆ ಹೋಗಿರಲಿಲ್ಲ.

ಕೊನೆಯ ಕಡೆತ ಮುಗಿದ ದಿನ ಇಬ್ಬರಿಗೂ ಹೇಳಿ ಕಳಿಸಿದೆ. ಅವರು ಬರುವ ಮೊದಲು ಬಟ್ಟಲಿಗೆ ಒದ್ದೆ ಬಟ್ಟೆ ಆಡಿಸಿ ನೋಡಿದೆ. ಮರದ ಮೈಯಲ್ಲಿ ಏನಿದೆ ಅಂತ ತಿಳಿಯಲು ನೀರೇ ಸಾಕು, ಆದರೆ ಅದು ಆರುವವರೆಗೆ ಮಾತ್ರ. ಇಷ್ಟು ವರ್ಷದಲ್ಲಿ ಅಂಥ ಮೈಯನ್ನು ನಾನು ಕಂಡಿರಲಿಲ್ಲ. ಬಾಣಲೆಯಲ್ಲಿ ಬೆಲ್ಲದ ಪಾಕ ಕುದಿಯುವಾಗ ಏಳುತ್ತದಲ್ಲ, ಹಾಗೆ ಸುಳಿಯ ಪಕ್ಕದಲ್ಲಿ ಸುಳಿ. ನಡುನಡುವೆ ರಾಗಿ ಚೆಲ್ಲಿದಂತೆ ಸಣ್ಣ ಸಣ್ಣ ಕಣ್ಣು. ಬಟ್ಟಲನ್ನು ತುಸು ಓರೆ ಮಾಡಿದರೆ ಹೊಂಬಣ್ಣ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಿಯುತ್ತಿತ್ತು. ನನ್ನವರು ಹಗ್ಗ ಬಿಟ್ಟು ಹತ್ತಿರ ಬಂದು ನೋಡಿ, ಹಾಗೇ ನಿಂತರು. ಅಷ್ಟರಲ್ಲಿ ನೀರು ಆರಿ ಬಟ್ಟಲು ಮಂಕು ಬಡಿದಂತೆ ಬೂದಿ ಬಣ್ಣಕ್ಕೆ ತಿರುಗಿತು.

ಅದೇ ಗಂಟಿನ ಚೂರುಗಳಿಗೆ ಬೇರೆ ಬೇರೆ ಮೆರುಗು ಹಚ್ಚಿ ಸಾಲಾಗಿ ಇಟ್ಟಿದ್ದೆ. ಜೇನುಮೇಣ ತಿಕ್ಕಿದ್ದು ಕೈಗೆ ರೇಷ್ಮೆಯಂತಿತ್ತು, ಆದರೆ ಸುಳಿಗಳು ನಿದ್ದೆಗಣ್ಣಿನಲ್ಲಿದ್ದವು. ಸ್ಪಿರಿಟ್ಟಿನಲ್ಲಿ ಕರಗಿಸಿದ ತಿಳಿ ಅರಗು ಬಳಿದದ್ದು ಗಾಜು ಹೊದಿಸಿದಂತೆ ಹೊಳೆಯುತ್ತಿತ್ತು. ಅಗಸೆ ಎಣ್ಣೆ ಕುಡಿದ ಚೂರು ಬಣ್ಣದಲ್ಲಿ ಗಾಢವಾಗಿ, ಗೆರೆಗೆರೆಯೂ ಒಳಗಿನಿಂದ ಎದ್ದು ಬಂದಿತ್ತು. ಕೊನೆಯದು ಕೆಂಪು ಅರಗಿನದು, ಬರೀ ಕೆಂಪು. ನನ್ನನ್ನು ಕೇಳಿದ್ದರೆ ಮೊದಲು ಎಣ್ಣೆ, ಅದು ಒಣಗಿದ ಮೇಲೆ ತಿಳಿ ಅರಗಿನ ಒಂದು ತೆಳು ಪದರ ಅನ್ನುತ್ತಿದ್ದೆ. ಆದರೆ ಕೇಳುವ ಪದ್ಧತಿಯಿಲ್ಲ.

ದೊರೆಸ್ವಾಮಿ ನೇರ ಕೆಂಪು ಚೂರನ್ನು ಎತ್ತಿಕೊಂಡ. ಇಂದ್ರಮ್ಮ ಎಣ್ಣೆಯ ಚೂರಿನ ಮೇಲೆ ಬೆರಳಿಟ್ಟಳು. ಇಬ್ಬರೂ ಒಬ್ಬರ ಕೈಯನ್ನೊಬ್ಬರು ನೋಡಿದರು. ಆಕೆಯ ಮುಖ ಮೊದಲಿನಂತೆ ಮುಚ್ಚಿಕೊಂಡಿತು. ಮತ್ತೊಮ್ಮೆ ಗೋಡೆಗೆ ಸುಣ್ಣ ಹೊಡೆದಿದ್ದನ್ನು ನೋಡಿದವಳ ಹಾಗಿತ್ತು ಆಕೆ ನಿಂತ ರೀತಿ.

ನನ್ನವರಿಗೆ ತಡೆಯಲಾಗಲಿಲ್ಲ. ಹೊರಮೈಗೆ ಕೆಂಪು ಅರಗು, ಒಳಗಡೆಗೆ ಎಣ್ಣೆ, ಇಬ್ಬರ ಮಾತೂ ನಡೆದಂತಾಯಿತು ಅಂದರು. ದೊರೆಸ್ವಾಮಿ ಆಗಬಹುದು ಅನ್ನುವಂತೆ ತಲೆ ಆಡಿಸಿದ. ಇಂದ್ರಮ್ಮ ನನ್ನ ಕಡೆ ತಿರುಗಿದಳು.

"ಹೊರಗಡೆ ಊರಿಗೆ, ಒಳಗಡೆ ನನಗೊಬ್ಬಳಿಗೆ. ಇಷ್ಟು ವರ್ಷ ಹಾಗೇ ತಾನೆ ಅಕ್ಕ ಇದ್ದದ್ದು."

ಅಷ್ಟು ಹೇಳಿ ಹೊರಟುಹೋದಳು. ದೊರೆಸ್ವಾಮಿ ಚೂರನ್ನು ಎಲ್ಲಿತ್ತೋ ಅಲ್ಲೇ ಇಟ್ಟು ಹಿಂದೆ ಹೋದ. ನಾನು ಬಟ್ಟಲಿಗೆ ಒದ್ದೆ ಗೋಣಿ ಸುತ್ತಿ ರಾಗಿ ತುಂಬುವ ಖಾಲಿ ಮಣ್ಣಿನ ವಾಡೆಯೊಳಗಿಟ್ಟು ಮುಚ್ಚಿದೆ. ಗಾಳಿಯನ್ನು ಒಂದೆರಡು ದಿನ ತಡೆಯಬಹುದು, ಹೆಚ್ಚೆಂದರೆ ಮೂರು ದಿನ.

ಮಾರನೆಯ ದಿನ ಮಧ್ಯಾಹ್ನ ದೊರೆಸ್ವಾಮಿ ಒಬ್ಬನೇ ಬಂದ. ಕೆಲಸದ ನಡುವೆ ಎದ್ದು ಬಂದಿದ್ದ, ಮುಂಗೈಯೆಲ್ಲ ಸುಣ್ಣದ ಹನಿ. ಬಟ್ಟಲು ನೋಡಬಹುದಾ ಅಂದ. ತೆಗೆದುಕೊಟ್ಟೆ. ಅಂಚಿನಲ್ಲಿ ಕೂದಲಿನಷ್ಟು ತೆಳ್ಳಗೆ ಒಂದು ಎಳೆ ಬಿರುಕು ಆಗಲೇ ಹುಟ್ಟಿತ್ತು. ನಾನು ಒದ್ದೆ ಬಟ್ಟೆಯನ್ನು ಅವನ ಕೈಗೆ ಕೊಟ್ಟೆ. ಅವನು ಒರೆಸಿದ, ಸುಳಿಗಳು ಎದ್ದವು. ಆರುವವರೆಗೂ ನೋಡಿದ. ಮತ್ತೆ ಒರೆಸಿದ. ಹೀಗೆ ಎಷ್ಟು ಸಲ ಮಾಡಿದನೋ, ಬಟ್ಟೆ ಹೊನ್ನೆಯ ಬಣ್ಣಕ್ಕೆ ಹಳದಿಯಾಗಿಬಿಟ್ಟಿತು.

ಆಮೇಲೆ ತಲೆ ಎತ್ತದೆ ಹೇಳತೊಡಗಿದ. ಹೆಂಡತಿ ನೋಡಿ ಸಂಕಟಪಡಬಾರದು ಅಂತ ಗೋಡೆಗೆ ಸುಣ್ಣ ಹೊಡೆದೆ ಅಂತ ಊರವರಿಗೆಲ್ಲ ಹೇಳಿದ್ದ. ಊರವರೂ ಪಾಪ ಅಂದಿದ್ದರು. ಅದು ನಿಜವಲ್ಲ ಅಂದ. "ಅವಳು ತವರಲ್ಲಿದ್ಲು, ಆ ಗೋಡೆ ಜೊತೆ ನಾನೊಬ್ಬನೇ ಇದ್ದೆ ಅಕ್ಕ. ಅನ್ನ ಇಳೀತಿರ್ಲಿಲ್ಲ. ನನಗೋಸ್ಕರ ಹೊಡ್ಕೊಂಡೆ. ಹೊಡೆದು ಮುಗಿಸಿ ಏಣಿ ಇಳಿದ ಮೇಲೆ ಗೊತ್ತಾಯ್ತು ಏನು ಮಾಡ್ದೆ ಅಂತ."

ಇದನ್ನು ನನಗೇಕೆ ಹೇಳುತ್ತಿದ್ದೀಯ ಅಂತ ಕೇಳಿದೆ. ಎಮ್ಮೆಗೆ ಎಷ್ಟೋ ಸಲ ಹೇಳಿದ್ದೇನೆ, ಅವಳು ಕೆರೆಗೆ ಬಟ್ಟೆ ಒಗೆಯಲು ಹೋದಾಗ ಅಂದ.

"ಅವಳು ಮನೇಲಿದ್ದಾಗ ಹೇಳು," ಅಂದೆ.

ಅವನು ಬಟ್ಟಲು ಇಟ್ಟು ಎದ್ದುಹೋದ, ಕೆಲಸದ ಕಡೆಗಲ್ಲ, ಮನೆಯ ಕಡೆಗೆ. ಅಲ್ಲಿ ಏನಾಯಿತು ಅನ್ನುವುದನ್ನು ಇಂದ್ರಮ್ಮ ಎಷ್ಟೋ ದಿನದ ಮೇಲೆ ನನಗೆ ಹೇಳಿದಳು. ಅವನು ಬಾಗಿಲಲ್ಲೇ ನಿಂತು ಹೇಳಿದನಂತೆ, ಚಪ್ಪಲಿಯನ್ನೂ ಬಿಡದೆ. ಆಕೆ ಅಕ್ಕಿ ಆರಿಸುತ್ತಿದ್ದಳು. ಕೇಳುತ್ತ ಕೇಳುತ್ತ ಆರಿಸಿದ ಕಲ್ಲನ್ನೆಲ್ಲ ಮತ್ತೆ ಅಕ್ಕಿಗೇ ಹಾಕಿದ್ದಳಂತೆ. ಇಷ್ಟು ವರ್ಷ ತಾನು ಅಂದುಕೊಂಡಿದ್ದೇ ಬೇರೆ ಅಂದಳು. ಈತನಿಗೆ ಏನೂ ಅನ್ನಿಸಲೇ ಇಲ್ಲ, ಗಿರಾಕಿಯ ಗೋಡೆ ಬಿಳಿ ಮಾಡಿದ ಹಾಗೆ ಮಾಡಿ ಮುಗಿಸಿದ ಅಂದುಕೊಂಡಿದ್ದಳು. ಅನ್ನ ಇಳಿಯದಿದ್ದ ಮನುಷ್ಯನನ್ನು ಆಕೆ ನೋಡಿರಲಿಲ್ಲ. ಅವತ್ತು ಇಬ್ಬರೂ ಹೆಚ್ಚು ಮಾತಾಡಲಿಲ್ಲವಂತೆ. ಕಲ್ಲಿನ ಅನ್ನವನ್ನೇ ಉಂಡರಂತೆ.

ಮೂರನೆಯ ದಿನ ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಬಂದರು. ಬಿರುಕು ಇನ್ನೂ ಒಂದು ಬೆರಳು ಕೆಳಗಿಳಿದಿತ್ತು. ನಾನು ಎಣ್ಣೆಯನ್ನು ಒಂದು ಕಡೆ, ಅರಗನ್ನು ಇನ್ನೊಂದು ಕಡೆ ಇಟ್ಟುಕೊಂಡು ಕಾಯುತ್ತಿದ್ದೆ. ಕೆಂಪು ಅರಗು ಹಾಕಿ ಅಕ್ಕ ಅಂದಳು ಇಂದ್ರಮ್ಮ. ಅದೇ ಉಸಿರಿನಲ್ಲಿ ದೊರೆಸ್ವಾಮಿ, ಎಣ್ಣೆ ಹಚ್ಚಿ ಅಂದ.

ನನ್ನವರು ಹಣೆ ಹಣೆ ಚಚ್ಚಿಕೊಂಡರು. ಆದರೆ ಅವರಿಬ್ಬರೂ ನಮ್ಮನ್ನು ಮರೆತೇಬಿಟ್ಟಿದ್ದರು. ನಿಮಗೆ ನೋಡೋಕೆ ಆಗಲ್ಲ ಅಂದಿರಲ್ಲ, ಮತ್ಯಾಕೆ ಎಣ್ಣೆ ಅಂತ ಆಕೆ. ನಿನಗೆ ಬೇಕು ಅಂದೆಯಲ್ಲ, ಈಗ ಯಾಕೆ ಬೇಡ ಅಂತ ಅವನು. ನನಗೆ ಯಾರೂ ಬಿಟ್ಟುಕೊಡುವುದು ಬೇಡ ಅಂದಳು. ನಾನು ಬಿಟ್ಟುಕೊಡುತ್ತಿಲ್ಲ, ಕೇಳುತ್ತಿದ್ದೇನೆ ಅಂದ. ದನಿ ಏರಿತು. ಎಮ್ಮೆಯ ಹಿಂಡಿಯಿಂದ ಹಿಡಿದು ಆಕೆಯ ತಮ್ಮನ ಮದುವೆಗೆ ಅವನು ಹೋಗದೆ ಇದ್ದದ್ದರವರೆಗೆ ಎಲ್ಲವೂ ಹೊರಬಂತು. ಬೀದಿಯಲ್ಲಿ ಹೋಗುತ್ತಿದ್ದವರು ನಮ್ಮ ಜಗಲಿಯ ಹತ್ತಿರ ನಿಂತರು. ಒಬ್ಬ ಮುದುಕಿ ಕೊಡ ಇಳಿಸಿ ಕೂತೇಬಿಟ್ಟಳು. ಯಾರೂ ಸಮಾಧಾನ ಮಾಡಲು ಬರಲಿಲ್ಲ. ನಾನು ಬಟ್ಟಲನ್ನು ಗೋಣಿಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಕೂತಿದ್ದೆ, ಮಗುವಿನ ಹಾಗೆ.

ಕೊನೆಗೆ ಇಂದ್ರಮ್ಮನ ದನಿ ಇಳಿಯಿತು. "ಉಣ್ತಾ ಉಣ್ತಾ ಅದನ್ನ ನೋಡಿ, ನೀವು ತಡೆಯೋಕಾಗದೆ ಎದ್ದು ಹೋದರೆ?"

"ಕೈ ಹಿಡಿದು ಕೂರಿಸು," ಅಂದ ದೊರೆಸ್ವಾಮಿ.

ಆಕೆ ಅವನನ್ನೇ ನೋಡಿದಳು. ಆಮೇಲೆ ನನ್ನ ಕಡೆ ಕೈಚಾಚಿ, ಎಣ್ಣೆ ಕೊಡಿ ಅಕ್ಕ ಅಂದಳು. ಎಣ್ಣೆ ಅಂತ ಅವನೂ ಅಂದ.

ನಾನು ಅಗಸೆ ಎಣ್ಣೆಯನ್ನು ಒಲೆಯ ಮೇಲೆ ಬೆಚ್ಚಗೆ ಮಾಡಿ ತಂದೆ. ಹಚ್ಚುವುದು ನನ್ನ ಕೆಲಸ, ಆದರೆ ದೊರೆಸ್ವಾಮಿ ತಾನೇ ಹಚ್ಚುತ್ತೇನೆ ಅಂದ. ಕುಂಚ ಹಿಡಿದ ಕೈಗೆ ಎಣ್ಣೆ ತಿಕ್ಕುವುದು ಒಗ್ಗಲಿಲ್ಲ. ಅವನು ಮೇಲೆ ಮೇಲೆ ಬಳಿಯುತ್ತ ಹೋದ. ಹಾಗಲ್ಲ, ಒಳಗೆ ಇಳಿಯುವ ಹಾಗೆ ಒತ್ತಿ ತಿಕ್ಕಬೇಕು, ಉಳಿದದ್ದನ್ನು ಒರೆಸಿ ತೆಗೆಯಬೇಕು ಅಂತ ಹೇಳಿಕೊಟ್ಟೆ. ಇಂದ್ರಮ್ಮ ಇನ್ನೊಂದು ಕಡೆಯಿಂದ ಅಂಗೈಯಿಂದಲೇ ತಿಕ್ಕತೊಡಗಿದಳು. ಮರ ಎಣ್ಣೆ ಕುಡಿಯಿತು. ಒಂದೊಂದು ಸುಳಿಯೂ ತೆರೆದುಕೊಂಡಿತು, ಈ ಸಲ ಆರಿಹೋಗಲಿಲ್ಲ. ಬಿರುಕಿನೊಳಕ್ಕೂ ಎಣ್ಣೆ ಇಳಿದು ಅದು ಕಪ್ಪು ದಾರದಂತೆ ಅಲ್ಲೇ ನಿಂತಿತು. ಮುಂದೆ ಹೋಗಲಿಲ್ಲ.

ಅಂಚಿನ ಹತ್ತಿರ ಒಂದು ಸುಳಿಯನ್ನು ತೋರಿಸಿ ದೊರೆಸ್ವಾಮಿ ಮೆಲ್ಲಗೆ, ನಮ್ಮ ಗೋಡೆಯ ಕೋಳಿ ಹೀಗೇ ಇತ್ತು ಅಲ್ಲವಾ ಅಂದ. ಯಾವ ಕೋಳಿ ಅಂತ ಆಕೆ ಕೇಳಿದಳು. ಬಾಗಿಲ ಪಕ್ಕ, ಉದ್ದ ಕಾಲಿನದು, ಕುಮುದ ದಿನಾ ಅದನ್ನೇ ಗೀಚುತ್ತಿದ್ದಳಲ್ಲ ಅಂದ. ಆ ಹೆಸರನ್ನು ಅವನ ಬಾಯಲ್ಲಿ ನಾವು ಕೇಳಿ ಎಷ್ಟೋ ವರ್ಷವಾಗಿತ್ತು.

ಇಂದ್ರಮ್ಮನ ಕೈ ನಿಂತಿತು. "ಅದು ಕೋಳಿ ಅಲ್ಲ ರೀ. ಅದು ನೀವು. ಏಣಿ ಮೇಲೆ ನಿಂತಿರೋದು."

ದೊರೆಸ್ವಾಮಿ ಬಟ್ಟಲು ಬಿಡಲಿಲ್ಲ. ಎಣ್ಣೆಗೈಯಲ್ಲೇ ಮುಖ ಒರೆಸಿಕೊಂಡ. ಒರೆಸಿಕೊಂಡಷ್ಟೂ ಮುಖ ಒದ್ದೆಯಾಯಿತು. ಇಂದ್ರಮ್ಮ ಸೆರಗಿನಿಂದ ಅವನ ಕೆನ್ನೆ ಒರೆಸಿ, ಉದ್ದ ಕಾಲು ಏಣಿಯದು, ರೆಕ್ಕೆ ಅಂದ್ಕೊಂಡಿರಲ್ಲ ಅದು ಕುಂಚ ಅಂತ ಒಂದೊಂದಾಗಿ ಬಿಡಿಸಿ ಹೇಳತೊಡಗಿದಳು. ಬೇರೆ ಗೀಟುಗಳು ಏನೇನು ಅಂತ ಅವನು ಕೇಳಿದ. ಯಾವುದು ಅಜ್ಜಿ, ಯಾವುದು ಮಳೆ, ಯಾವುದು ಎಮ್ಮೆ ಅಂತ ಆಕೆಗೆಲ್ಲ ನೆನಪಿತ್ತು. ನಾವಿಬ್ಬರೂ ಎದ್ದು ಹೊರಗೆ ಬಂದು ಜಗಲಿಯಲ್ಲಿ ಕೂತೆವು. ಒಳಗೆ ಬಟ್ಟಲು ತಿಕ್ಕುವ ಸದ್ದೂ ಮಾತೂ ತುಂಬ ಹೊತ್ತು ನಡೆದವು.

ಎಣ್ಣೆ ಒಂದೇ ದಿನಕ್ಕೆ ಒಣಗುವುದಲ್ಲ. ಒಂದು ಕೈ ಒಣಗಿದ ಮೇಲೆ ಇನ್ನೊಂದು ಕೈ ಹಚ್ಚಬೇಕು. ಅವರು ಅದಕ್ಕಾಗಿ ಎಷ್ಟೋ ಸಲ ಬಂದರು. ಕೊನೆಗೆ ಬಟ್ಟಲು ಒಯ್ದು ಮೊಸರನ್ನ ಕಲೆಸಿ ಉಂಡರಂತೆ. ಊಟದ ನಡುವೆ ಅವನು ಎದ್ದನೋ ಇಲ್ಲವೋ ನಾನು ಕೇಳಲಿಲ್ಲ. ಆ ಮಳೆಗಾಲ ಕಳೆದ ಮೇಲೆ ಅವರ ಮರದಲ್ಲಿ, ಒಣಗಿದ ಕೊಂಬೆಗಳ ನಡುವೆಯೇ, ಅರಿಶಿನ ಬಣ್ಣದ ಹೂವು ಬಂತು. ಈಗ ದೊರೆಸ್ವಾಮಿ ಮಕ್ಕಳಿರುವ ಮನೆಗೆ ಸುಣ್ಣ ಹೊಡೆಯಲು ಹೋದರೆ ಡಬ್ಬ ಬಿಚ್ಚುವ ಮೊದಲು ಆ ಮನೆಯ ತಾಯಿಯನ್ನು ಕರೆದು, ಯಾವ ಗೋಡೆ ಬಿಡಬೇಕು ತೋರಿಸಮ್ಮ ಅನ್ನುತ್ತಾನೆ.

ಅರಗು ಹಾಕಿದ ಬಟ್ಟಲು ಮತ್ತೆ ನನ್ನ ಹತ್ತಿರ ಬರುವುದಿಲ್ಲ. ಎಣ್ಣೆಯ ಬಟ್ಟಲು ದಿನಾ ತೊಳೆದರೆ ಮಂಕಾಗುತ್ತದೆ, ವರ್ಷಕ್ಕೊಮ್ಮೆಯಾದರೂ ತಿಕ್ಕಿ ಕುಡಿಸಬೇಕು. ಹಾಗಾಗಿ ಇಬ್ಬರೂ ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬರುತ್ತಾರೆ. ಮೊನ್ನೆ ಬಂದಾಗ ಬೆಳಕಿಗೆ ಹಿಡಿದು ನೋಡಿದೆ. ಸುಳಿಗಳು ಈಗ ಜೇನಿನ ಬಣ್ಣಕ್ಕೆ ತಿರುಗಿವೆ. ಅಂಚು ಮಾತ್ರ ಎದುರು ಬದುರು ಎರಡು ಕಡೆ ಹೆಚ್ಚು ಕಪ್ಪಾಗಿದೆ, ಅವರಿಬ್ಬರ ಬೆರಳು ಕೂರುವ ಕಡೆ.